ಒಣಗಿದ ಬೈಕನ್ನು ಮತ್ತೆ ನೆನೆಸಿ ನೋಡಿದ ಗ್ಯಾರೇಜು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಬದಿಯಲ್ಲಿ, ಪೇಟೆ ಮುಗಿದು ಅಡಿಕೆ ತೋಟಗಳು ಶುರುವಾಗುವ ಕಡೆ, ತಗಡಿನ ಮಾಡಿನ ಒಂದು ಸಣ್ಣ ಗ್ಯಾರೇಜಿದೆ. ಅದಕ್ಕೆ ಹೆಸರಿನ ಫಲಕವಿಲ್ಲ. ಬಾಗಿಲ ಮೇಲೆ ‘ಟೂ ವೀಲರ್ ರಿಪೇರಿ, ಪಂಕ್ಚರ್’ ಎಂದು ನೀಲಿ ಬಣ್ಣದಲ್ಲಿ ಬರೆದಿರುವುದಷ್ಟೇ ಗುರುತು. ಎರಡು ಮಳೆಗಾಲ ನನ್ನನ್ನು ಕಾಡಿದ, ಬೇರೆ ಕಡೆ ಮೂರು ಬಾರಿ ದುಡ್ಡು ಕೊಟ್ಟರೂ ಸರಿಹೋಗದ ಒಂದು ತೊಂದರೆಯನ್ನು ಇಲ್ಲಿನ ಮೆಕ್ಯಾನಿಕ್ ಒಂದು ರಾತ್ರಿ ಮತ್ತು ಅರ್ಧ ಹಗಲಿನಲ್ಲಿ ಪತ್ತೆ ಹಚ್ಚಿದರು. ಮಳೆಯಲ್ಲಿ ಓಡಾಡಿದ ಬೈಕು ಮತ್ತೆ ಸ್ಟಾರ್ಟ್ ಆಗಲು ಹಟ ಮಾಡುವುದು ಮಲೆನಾಡಿನಲ್ಲಿ ಎಷ್ಟೋ ಮನೆಗಳ ಗೋಳು. ಅದನ್ನು ಹುಡುಕುವ ಸರಿಯಾದ ಕ್ರಮವನ್ನು ನಾನು ಕಣ್ಣಾರೆ ಕಂಡದ್ದು ಇಲ್ಲಿ ಮಾತ್ರವಾದ್ದರಿಂದ, ಆ ದಿನ ನಡೆದುದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಶಾಲಾ ಶಿಕ್ಷಕ. ಮನೆ ತೀರ್ಥಹಳ್ಳಿಯಲ್ಲಿ, ಶಾಲೆ ಮೇಗರವಳ್ಳಿಯಿಂದ ಆಚೆ. ಹೋಗಿಬರುವ ದಾರಿ ದಿನಕ್ಕೆ 40 ಕಿಲೊಮೀಟರಿಗೂ ಹೆಚ್ಚು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ದಿಕ್ಕಿಗೇ ನನ್ನ ದಾರಿ. ಆರಿದ್ರೆ ಹಿಡಿದರೆ ಆಶ್ಲೇಷ ಕಳೆಯುವವರೆಗೆ ಈ ರಸ್ತೆ ಒಣಗಿರುವ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ನನ್ನ ಬೈಕು 150 ಸಿಸಿಯದು, 2014ರಲ್ಲಿ ಕೊಂಡದ್ದು, ಗಾಳಿಯಿಂದ ತಣಿಯುವ ಒಂದೇ ಸಿಲಿಂಡರಿನ ಎಂಜಿನ್ನು, ಕಾರ್ಬುರೇಟರ್ ಇರುವ ಕಾಲದ ಗಾಡಿ. ಸೆಲ್ಫ್ ಮತ್ತು ಕಿಕ್ ಎರಡೂ ಇವೆ. ಅದನ್ನು ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಹನ್ನೊಂದು ವರ್ಷದ ಯಾವ ಬೈಕಿಗೂ ಬರಬಹುದಾದ ತೊಂದರೆ ಇದು.

ತೊಂದರೆಯ ಸ್ವರೂಪ ಹೀಗಿತ್ತು. ಬೆಳಿಗ್ಗೆ ಮನೆಯ ಮಾಡಿನಡಿಯಿಂದ ತೆಗೆಯುವಾಗ ಸೆಲ್ಫ್ ಒತ್ತಿದೊಡನೆ ಎಂಜಿನ್ನು ಹೊತ್ತಿಕೊಳ್ಳುತ್ತಿತ್ತು. ಜಡಿಮಳೆಯಲ್ಲಿ ಶಾಲೆಯವರೆಗೆ ಓಡಿಸಿದರೂ ಒಮ್ಮೆಯೂ ಮಿಸ್ಸಿಂಗ್ ಆಗುತ್ತಿರಲಿಲ್ಲ. ಶಾಲೆಯ ಅಂಗಳದಲ್ಲಿ, ಮಳೆಗೆ ತೆರೆದ ಜಾಗದಲ್ಲಿ ನಿಲ್ಲಿಸಿ, ಸಂಜೆ ಮಕ್ಕಳನ್ನೆಲ್ಲ ಕಳಿಸಿ ಬಂದು ಸೆಲ್ಫ್ ಒತ್ತಿದರೆ ಎಂಜಿನ್ನು ಚೆನ್ನಾಗಿಯೇ ತಿರುಗುತ್ತಿತ್ತು, ಆದರೆ ಹೊತ್ತಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ಮೂವತ್ತು ಕಿಕ್ ಹೊಡೆದ ಮೇಲೆ ಒಮ್ಮೆ ಕೆಮ್ಮಿ, ಸೈಲೆನ್ಸರಿನಲ್ಲಿ ಪಟ್ಟೆಂದು ಸದ್ದು ಮಾಡಿ, ನಡುಗುತ್ತ ಚಾಲೂ ಆಗುತ್ತಿತ್ತು. ಎರಡು ಕಿಲೊಮೀಟರು ಹೋಗುವಷ್ಟರಲ್ಲಿ ಎಲ್ಲವೂ ಸರಿಯಾಗಿ, ಏನೂ ಆಗಿಯೇ ಇಲ್ಲವೆನ್ನುವ ಹಾಗೆ ಓಡುತ್ತಿತ್ತು. ಕತ್ತಲಾಗುತ್ತಿರುವಾಗ, ಮೊಬೈಲಿಗೆ ಸಿಗ್ನಲ್ ಸಿಗದ ಕಾಡಿನ ರಸ್ತೆಯ ಬದಿಯಲ್ಲಿ, ನೆನೆದ ರೈನ್‌ಕೋಟು ತೊಟ್ಟು ಕಿಕ್ ಹೊಡೆಯುತ್ತ ನಿಲ್ಲುವುದು ಐವತ್ತು ದಾಟಿದವನ ಮೊಣಕಾಲಿಗೆ ಸಣ್ಣ ಶಿಕ್ಷೆಯಲ್ಲ.

ಮೊದಲು ಹೋದದ್ದು ದೊಡ್ಡ ಸರ್ವೀಸ್ ಸೆಂಟರೊಂದಕ್ಕೆ. ಅಲ್ಲಿ ಮೊದಲ ಬಾರಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಎರಡನೆಯ ಬಾರಿ ಕಾರ್ಬುರೇಟರ್ ಬಿಚ್ಚಿ ತೊಳೆದರು, ಮೂರನೆಯ ಬಾರಿ ಬ್ಯಾಟರಿ ಹೋಗಿದೆಯೆಂದು ಹೊಸದು ಹಾಕಿದರು. ಎಲ್ಲ ಸೇರಿ 2,900 ರೂಪಾಯಿ ಆಯಿತು. ಅವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಬದಲಾಯಿಸಿದ ಪ್ಲಗ್ಗು ನಿಜಕ್ಕೂ ಹಳೆಯದಾಗಿತ್ತು. ಆದರೆ ಮೂರು ಬಾರಿಯೂ ಬೈಕು ಅವರ ಕೈ ಸೇರುವಾಗ ಇಪ್ಪತ್ತು ಕಿಲೊಮೀಟರು ಓಡಿ, ಎಂಜಿನ್ನಿನ ಶಾಖಕ್ಕೆ ಒಳಗಿನ ತೇವವೆಲ್ಲ ಆರಿ, ಒಣಗಿ ನಿಂತಿರುತ್ತಿತ್ತು. ಅವರು ಸೆಲ್ಫ್ ಒತ್ತುತ್ತಿದ್ದರು, ಅದು ತಕ್ಷಣ ಸ್ಟಾರ್ಟ್ ಆಗುತ್ತಿತ್ತು, ‘ಈಗ ಸರಿಯಾಗಿದೆಯಲ್ಲ ಸಾರ್’ ಎನ್ನುತ್ತಿದ್ದರು. ಒಣಗಿದಾಗ ಇಲ್ಲದ ದೋಷವನ್ನು ಒಣಗಿದ ಗಾಡಿಯಲ್ಲಿ ಹುಡುಕಿದ್ದೇ ಅಲ್ಲಿನ ತಪ್ಪೆಂದು ನನಗೆ ಆಗ ಹೊಳೆಯಲಿಲ್ಲ. ನಡುವೆ ಒಂದು ವರ್ಷ, ನೀರು ಓಡಿಸುವ ಸ್ಪ್ರೇ ಡಬ್ಬಿಯೊಂದನ್ನು ಕೊಂಡು ಪ್ಲಗ್ಗಿನ ಸುತ್ತ ಹೊಡೆಯುವ ಉಪಾಯವನ್ನೂ ಮಾಡಿದೆ. ಹೊಡೆದ ದಿನ ಪರವಾಗಿಲ್ಲ ಎನಿಸುತ್ತಿತ್ತು, ಮೂರನೆಯ ದಿನಕ್ಕೆ ಮತ್ತೆ ಅದೇ ಕಥೆ. ಅಂಥ ಸ್ಪ್ರೇ ಇರುವ ನೀರನ್ನು ಸರಿಸಬಲ್ಲದು, ಆಮೇಲೆ ಇಲ್ಲಿ ಕಂಡುಬಂದಂಥ ಬಿರುಕನ್ನು ಮುಚ್ಚಲಾರದು.

ಈ ಗ್ಯಾರೇಜಿನವರು ಕೇಳಿದ ಮೊದಲ ಪ್ರಶ್ನೆಯೇ ಬೇರೆಯಾಗಿತ್ತು. ಓಡುತ್ತಿರುವಾಗ ನಿಲ್ಲುತ್ತದೆಯೋ, ನಿಲ್ಲಿಸಿ ಇಟ್ಟ ಮೇಲೆ ಸ್ಟಾರ್ಟ್ ಆಗುವುದಿಲ್ಲವೋ ಎಂದು ಕೇಳಿದರು. ನಿಲ್ಲಿಸಿ ಎಷ್ಟು ಹೊತ್ತಿನ ಮೇಲೆ ಎಂದು ಕೇಳಿದರು. ಬರಿಯ ಮಳೆಗೆ ನಿಂತರೆ ಸಾಕೋ, ಮಳೆಯಲ್ಲಿ ಓಡಿಸಿ ನಿಲ್ಲಿಸಿದರೆ ಮಾತ್ರವೋ ಎಂದೂ ಕೇಳಿದರು. ಈ ಕೊನೆಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಯೋಚಿಸಿ ನೋಡಿದರೆ, ಓಡಿಸದೆ ಅಂಗಳದಲ್ಲಿ ನೆನೆಯಲು ಬಿಟ್ಟ ದಿನ ಬೈಕು ತೊಂದರೆ ಕೊಟ್ಟ ನೆನಪಿರಲಿಲ್ಲ. ಅವರು ತಲೆಯಾಡಿಸಿ, ‘ಮೇಷ್ಟ್ರೆ, ಗಾಡಿ ಈಗ ಒಣಗಿದೆ. ಒಣಗಿದ ಗಾಡಿಯಲ್ಲಿ ನಾನು ಎಂತ ಹುಡುಕೋದು? ಇವತ್ತು ಬಿಟ್ಟು ಹೋಗಿ. ಬೆಳಿಗ್ಗೆ ತಣ್ಣಗಾದ ಮೇಲೆ ನಾನೇ ನೆನೆಸಿ ನೋಡ್ತೀನಿ’ ಎಂದರು. ಮರುದಿನ ಶನಿವಾರ. ಶಾಲೆ ಮುಗಿಸಿ ಬರುವವರೆಗೆ ಕಾಯುವುದಾಗಿಯೂ, ನಾನು ನೋಡಬೇಕೆಂದಿದ್ದರೆ ನನ್ನ ಎದುರೇ ಮಾಡುವುದಾಗಿಯೂ ಹೇಳಿದರು. ರಿಪೇರಿಯನ್ನು ಗಿರಾಕಿಯ ಎದುರು ಮಾಡಲು ಒಪ್ಪುವವರು ಕಡಿಮೆ. ನನಗೆ ಈ ಜಾಗದ ಮೇಲೆ ಮೊದಲ ವಿಶ್ವಾಸ ಹುಟ್ಟಿದ್ದು ಆ ಮಾತಿನಿಂದ.

ಶನಿವಾರ ಮಧ್ಯಾಹ್ನ ಹೋದಾಗ ಅವರು ಹೂಗಿಡಗಳಿಗೆ ನೀರು ಸಿಂಪಡಿಸುವಂಥ ಒಂದು ಕೈಪಂಪಿನ ಬಾಟಲಿಯಲ್ಲಿ ನೀರು ತುಂಬಿಟ್ಟುಕೊಂಡಿದ್ದರು. ಮೊದಲು ತಣ್ಣಗಿದ್ದ, ಒಣಗಿದ್ದ ಬೈಕನ್ನು ಸ್ಟಾರ್ಟ್ ಮಾಡಿ ತೋರಿಸಿದರು. ಒಂದೇ ಒತ್ತಿಗೆ ಆಯಿತು. ಮೀಟರ್ ಇಟ್ಟು ಬ್ಯಾಟರಿ ನೋಡಿದರು. ನಿಂತಾಗ 12.6 ವೋಲ್ಟ್, ಸೆಲ್ಫ್ ಒತ್ತಿದಾಗ ಹತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಹಾಗಾಗಿ ಬ್ಯಾಟರಿಯನ್ನು ಅನುಮಾನದ ಪಟ್ಟಿಯಿಂದ ತೆಗೆದರು. ಆಮೇಲೆ ನೀರು ಹೊಡೆಯುವುದು ಶುರುವಾಯಿತು. ಮೊದಲು ಹ್ಯಾಂಡಲಿನ ಬಲಬದಿಯ ಸ್ವಿಚ್ಚಿಗೆ, ಅಂದರೆ ಎಂಜಿನ್ ಆಫ್ ಮಾಡುವ ಕೆಂಪು ಗುಂಡಿ ಇರುವ ಕಡೆಗೆ ಹೊಡೆದು ಸ್ಟಾರ್ಟ್ ಮಾಡಿದರು, ಆಯಿತು. ಕೀಲಿ ಹಾಕುವ ಜಾಗಕ್ಕೆ ಹೊಡೆದರು, ಆಗಲೂ ಆಯಿತು. ಸೀಟು ತೆಗೆದು, ಕಿಡಿ ಹಾರುವ ಸಮಯವನ್ನು ನಿಯಂತ್ರಿಸುವ ಸಿಡಿಐ ಡಬ್ಬಿಯ ಕಪ್ಲರಿಗೆ, ಅಂದರೆ ತಂತಿಗಳು ಸೇರುವ ಜೋಡಣೆಗೆ, ನಂತರ ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ, ನಂತರ ಟ್ಯಾಂಕಿನ ಅಡಿಯಲ್ಲಿರುವ, ಕಿಡಿಗೆ ಬೇಕಾದ ಭಾರಿ ವೋಲ್ಟೇಜು ಕೊಡುವ ಎಚ್‌ಟಿ ಕಾಯಿಲಿಗೆ ಒಂದೊಂದಾಗಿ ನೀರು ಸಿಂಪಡಿಸಿ, ಪ್ರತಿ ಸಲವೂ ಸ್ಟಾರ್ಟ್ ಮಾಡಿ, ಎರಡೇ ಸೆಕೆಂಡಿನಲ್ಲಿ ಆಫ್ ಮಾಡುತ್ತಿದ್ದರು.

ಅನುಮಾನ ಹೆಚ್ಚಿರುವ ಪ್ಲಗ್ಗಿಗೇ ಮೊದಲು ಯಾಕೆ ಹೊಡೆಯಬಾರದು ಎಂದು ನಾನು ಕೇಳಿದೆ. ಅದಕ್ಕೆ ಅವರು ಕೊಟ್ಟ ಕಾರಣ ವಿಜ್ಞಾನದ ಪಾಠ ಮಾಡುವ ನನಗೂ ಮೆಚ್ಚುಗೆಯಾಯಿತು. ಪ್ಲಗ್ಗಿನ ಗುಳಿಯೊಳಗೆ ಒಮ್ಮೆ ನೀರು ಹೋಯಿತೆಂದರೆ ಆಮೇಲೆ ಉಳಿದ ಯಾವ ಜಾಗವನ್ನೂ ಪರೀಕ್ಷಿಸಲು ಬರುವುದಿಲ್ಲ; ಸ್ಟಾರ್ಟ್ ಆಗದಿದ್ದರೆ ಅದು ಯಾವುದರಿಂದ ಎಂದು ಹೇಳಲಾಗದು. ಎಂಜಿನ್ನು ಬಿಸಿಯಾದರೂ ಪರೀಕ್ಷೆ ಕೆಟ್ಟಿತು, ಏಕೆಂದರೆ ಶಾಖವೇ ತೇವವನ್ನು ಆರಿಸಿಬಿಡುತ್ತದೆ. ಆದ್ದರಿಂದಲೇ ಎರಡು ಸೆಕೆಂಡಿಗೆ ಆಫ್ ಮಾಡುವುದು, ಆದ್ದರಿಂದಲೇ ಪ್ಲಗ್ಗನ್ನು ಕೊನೆಗೆ ಇಟ್ಟುಕೊಳ್ಳುವುದು. ಕೊನೆಗೆ, ಕಾಯಿಲಿನಿಂದ ಬರುವ ತಂತಿಯನ್ನು ಪ್ಲಗ್ಗಿಗೆ ಜೋಡಿಸುವ ಪ್ಲಗ್ ಕ್ಯಾಪಿನ ಬುಡಕ್ಕೆ ನಾಲ್ಕು ಬಾರಿ ನೀರು ಹೊಡೆದು ಸೆಲ್ಫ್ ಒತ್ತಿದರು. ಎಂಜಿನ್ನು ತಿರುಗಿತು, ಹೊತ್ತಿಕೊಳ್ಳಲಿಲ್ಲ. ಶಾಲೆಯ ಅಂಗಳದಲ್ಲಿ ಎರಡು ವರ್ಷ ನಾನು ಕೇಳಿದ್ದ ಅದೇ ಸದ್ದು.

ಮುಂದೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಶಟರನ್ನು ಅರ್ಧಕ್ಕಿಂತ ಕೆಳಗೆ ಎಳೆದು, ದೀಪ ಆರಿಸಿ, ನನ್ನನ್ನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, ಮತ್ತೆ ಸೆಲ್ಫ್ ಒತ್ತಿದರು. ಕತ್ತಲಲ್ಲಿ ಪ್ಲಗ್ ಕ್ಯಾಪಿನ ಪಕ್ಕೆಯಿಂದ ಎಂಜಿನ್ ಹೆಡ್ಡಿನ, ಅಂದರೆ ಸಿಲಿಂಡರಿನ ಮೇಲ್ಭಾಗದ, ಲೋಹದ ರೆಕ್ಕೆಗೆ ಒಂದು ನೀಲಿ ಎಳೆ ಟಕಟಕನೆ ಹಾರುತ್ತಿತ್ತು. ಸಿಲಿಂಡರಿನ ಒಳಗೆ, ಪ್ಲಗ್ಗಿನ ತುದಿಯಲ್ಲಿ ಹಾರಬೇಕಾದ ಕಿಡಿ ಅದು. ಒಳಗೆ ಒತ್ತಡಕ್ಕೆ ಸಿಕ್ಕಿರುವ ಪೆಟ್ರೋಲು–ಗಾಳಿಯ ಮಿಶ್ರಣವನ್ನು ಭೇದಿಸಿ ಹಾರುವುದಕ್ಕಿಂತ ಬಿರುಕುಬಿಟ್ಟ, ಒದ್ದೆಯಾದ ಕ್ಯಾಪಿನ ಮೈಮೇಲೆ ಹರಿದು ಹೊರಗಿನ ಲೋಹವನ್ನು ಸೇರುವುದು ವಿದ್ಯುತ್ತಿಗೆ ಸುಲಭವಾಗಿತ್ತು. ಇದನ್ನು ಮನೆಯಲ್ಲಿ ಮಾಡಿ ನೋಡಬಯಸುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು: ಕ್ಯಾಪಿಗೆ ಬರುವ ತಂತಿಯಲ್ಲಿ ಹರಿಯುವುದು 10,000 ವೋಲ್ಟಿಗೂ ಮೀರಿದ ವಿದ್ಯುತ್ತು. ಆ ಹೊತ್ತಿನಲ್ಲಿ ಕ್ಯಾಪನ್ನು ಕೈಯಲ್ಲಿ ಮುಟ್ಟಬಾರದು; ಹತ್ತಿರದಲ್ಲಿ ಪೆಟ್ರೋಲು ಚೆಲ್ಲಿರಬಾರದು, ಕಾರ್ಬುರೇಟರ್ ಬಿಚ್ಚಿಟ್ಟಿರಬಾರದು.

ಕ್ಯಾಪ್ ಕಿತ್ತು ತೋರಿಸಿದಾಗ ಅದರ ರಬ್ಬರಿನ ಬಾಯಿ ಗಟ್ಟಿಯಾಗಿ ಹಿಗ್ಗಿಹೋಗಿತ್ತು. ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಬಿರುಕಿನ ಗುಂಟ ಪೆನ್ಸಿಲಿನಲ್ಲಿ ಗೀಚಿದಂತೆ ಕಪ್ಪು ಗೆರೆಯಿತ್ತು. ಕಿಡಿ ಹರಿದು ಹರಿದು ಸುಟ್ಟ ಜಾಡು ಅದು. ಒಮ್ಮೆ ಆ ಜಾಡು ಮೂಡಿತೆಂದರೆ ಅದು ಇಂಗಾಲದ ದಾರಿಯಾಗುವುದರಿಂದ, ಮುಂದೆ ಸ್ವಲ್ಪ ತೇವವಾದರೂ ಕಿಡಿ ಅಲ್ಲಿಗೇ ಹೋಗುತ್ತದೆ. ಇಂಥ ಕ್ಯಾಪುಗಳ ಒಳಗೆ ಸಾಮಾನ್ಯವಾಗಿ ವಿದ್ಯುತ್ ಹರಿವಿಗೆ ತಡೆಯೊಡ್ಡುವ, ಸುಮಾರು 5 ಕಿಲೊಓಮ್‌ನ ರೆಸಿಸ್ಟರ್ ಇರುತ್ತದೆ. ಮೀಟರಿನಲ್ಲಿ ನನ್ನ ಕ್ಯಾಪು ಒಮ್ಮೆ ಐದು ತೋರಿಸಿ, ಅಲುಗಾಡಿಸಿದರೆ ಹನ್ನೆರಡಕ್ಕೆ ಏರಿ, ಮತ್ತೆ ಇಳಿಯುತ್ತಿತ್ತು.

ಇಷ್ಟಕ್ಕೆ ಹೊಸ ಕ್ಯಾಪ್ ಹಾಕಿ ಕಳಿಸಿದ್ದರೂ ನಾನು ಸಂತೋಷದಿಂದಲೇ ಹೋಗುತ್ತಿದ್ದೆ. ಅವರು ಅಲ್ಲಿಗೆ ನಿಲ್ಲಲಿಲ್ಲ. ಕ್ಯಾಪ್ ಕೆಟ್ಟಿರುವುದು ಸರಿ, ಆದರೆ ಅಷ್ಟೊಂದು ನೀರು ಅಲ್ಲಿಗೆ ಬಂದದ್ದು ಎಲ್ಲಿಂದ ಎನ್ನುವುದು ಅವರ ಮುಂದಿನ ಪ್ರಶ್ನೆ. ಬಾಟಲಿಯಿಂದ ಪ್ಲಗ್ಗಿನ ಗುಳಿಗೆ ಸ್ವಲ್ಪ ನೀರು ಸುರಿದರು. ನೀರು ಬಟ್ಟಲಿನಲ್ಲಿ ನಿಂತಂತೆ ಅಲ್ಲೇ ನಿಂತಿತು. ಪ್ಲಗ್ಗು ಆಳದ ಗುಳಿಯಲ್ಲಿ ಕೂರುವ ಹಲವು ಎಂಜಿನ್ನುಗಳಲ್ಲಿ ಆ ಗುಳಿಯ ತಳದಿಂದ ಹೊರಕ್ಕೆ ಒಂದು ಸಣ್ಣ ತೂತು ಇರುತ್ತದೆ. ಒಳಗೆ ಸೇರಿದ ನೀರು ಬಸಿದುಹೋಗಲಿ ಎಂದೇ ಅದನ್ನು ಇಟ್ಟಿರುತ್ತಾರೆ. ನನ್ನ ಬೈಕಿನಲ್ಲಿ ಆ ತೂತು ಕೆಂಪು ಮಣ್ಣು ಮತ್ತು ಎಣ್ಣೆಜಿಡ್ಡು ಸೇರಿ ಗಾರೆಯಂತೆ ಮುಚ್ಚಿಹೋಗಿತ್ತು. ಹಳೆಯ ಕ್ಲಚ್ ಕೇಬಲ್ಲಿನ ಒಂದು ಎಳೆಯನ್ನು ತೆಗೆದು, ಹೊರಗಿನಿಂದ ಚುಚ್ಚಿ ಚುಚ್ಚಿ ಆ ಮಣ್ಣನ್ನು ಬಿಡಿಸಿದರು. ಪ್ಲಗ್ಗನ್ನು ಮಾತ್ರ ಕೂಡಲೇ ಬಿಚ್ಚಲಿಲ್ಲ. ಗುಳಿಯಲ್ಲಿ ಮಣ್ಣು ಇರುವಾಗ ಪ್ಲಗ್ ತೆಗೆದರೆ ಮಣ್ಣಿನ ಕಣಗಳು ಸಿಲಿಂಡರಿಗೆ ಬೀಳುತ್ತವೆ. ಮೊದಲು ಗಾಳಿ ಹೊಡೆದು ಗುಳಿಯನ್ನು ಶುಚಿ ಮಾಡಿ, ಆಮೇಲೆ ತೆಗೆದರು. ಪ್ಲಗ್ಗು ಪೆಟ್ರೋಲಿನಿಂದ ಒದ್ದೆಯಾಗಿತ್ತು. ಕಿಡಿಯಿಲ್ಲದೆ ಮತ್ತೆ ಮತ್ತೆ ತಿರುಗಿಸಿದಾಗ, ಅದರಲ್ಲೂ ಚೋಕ್ ಎಳೆದು ಕಿಕ್ ಹೊಡೆದಾಗ ಹೀಗಾಗುತ್ತದೆ. ಶಾಲೆಯಲ್ಲಿ ನಾನು ಮಾಡುತ್ತಿದ್ದುದೂ ಅದನ್ನೇ. ಹಾಗಾದಾಗ ಚೋಕ್ ಆಫ್ ಮಾಡಿ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಹತ್ತು ಕಿಕ್ ಹೊಡೆದರೆ ಒಳಗಿನ ಹೆಚ್ಚುವರಿ ಪೆಟ್ರೋಲು ಹೊರಹೋಗುತ್ತದೆ ಎಂಬುದನ್ನು ಅವರು ಹೇಳಿಕೊಟ್ಟರು.

ನಿಲ್ಲಿಸಿ ಇಟ್ಟ ಮೇಲಷ್ಟೇ ಏಕೆ ತೊಂದರೆ ಎನ್ನುವುದು ಆಗ ನನಗೆ ಸ್ಪಷ್ಟವಾಯಿತು. ಓಡುವಾಗ ಹೆಡ್ಡಿನ ಶಾಖಕ್ಕೆ ಗುಳಿಯ ನೀರು ಆವಿಯಾಗುತ್ತಲೇ ಇರುತ್ತದೆ. ನಿಲ್ಲಿಸಿದ ಮೇಲೆ ಎಂಜಿನ್ನು ತಣಿಯುತ್ತದೆ, ಕ್ಯಾಪಿನ ಒಳಗಿದ್ದ ಬಿಸಿಗಾಳಿ ಕುಗ್ಗುತ್ತದೆ, ಕುಗ್ಗುವಾಗ ಹೊರಗಿನ ತೇವವನ್ನು ಸಡಿಲ ರಬ್ಬರಿನ ಸಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಬರಿಯ ಮಳೆಗೆ ನಿಂತ ದಿನ ಹೀಗೆ ಬಿಸಿಯಾಗಿ ತಣಿಯುವ ಪ್ರಸಂಗವೇ ಇರುವುದಿಲ್ಲ. ಅವರು ಮೊದಲ ದಿನ ಕೇಳಿದ ಮೂರನೆಯ ಪ್ರಶ್ನೆಯ ಹಿಂದೆ ಇಷ್ಟೆಲ್ಲ ತಿಳಿವಳಿಕೆ ಇತ್ತು.

ನೀರಿನ ಮೂಲವನ್ನು ಅವರು ಇನ್ನೂ ಹಿಂದಕ್ಕೆ ಹುಡುಕುತ್ತ ಹೋಗಿ ಮುಂದಿನ ಚಕ್ರಕ್ಕೆ ಬಂದು ನಿಂತರು. ಮುಂದಿನ ಮಡ್‌ಗಾರ್ಡಿನ ಕೆಳತುದಿಯಲ್ಲಿ ಇರಬೇಕಾದ ರಬ್ಬರಿನ ತುಂಡು ಯಾವಾಗಲೋ ಹರಿದು ಬಿದ್ದುಹೋಗಿತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಆ ತುಂಡಿಲ್ಲದಿದ್ದರೆ ಟಯರು ಎಬ್ಬಿಸುವ ಕೆಸರುನೀರು ನೇರವಾಗಿ ಹೆಡ್ಡಿಗೆ ಹೊಡೆಯುತ್ತದೆ. ಮೇಲಿನಿಂದ ಬೀಳುವ ಮಳೆಗಿಂತ ಕೆಳಗಿನಿಂದ ಹಾರುವ ಈ ನೀರೇ ಹೆಚ್ಚು ಕೆಟ್ಟದ್ದು, ಏಕೆಂದರೆ ಅದರಲ್ಲಿ ಮಣ್ಣಿದೆ, ಅದಕ್ಕೆ ವೇಗವಿದೆ. ಲಾರಿಯ ಮಡ್‌ಫ್ಲ್ಯಾಪಿನ ಹಳೆಯ ರಬ್ಬರಿನಿಂದ ಒಂದು ಅಂಗೈಯಗಲದ ತುಂಡು ಕತ್ತರಿಸಿ ಎರಡು ಬೋಲ್ಟ್ ಹಾಕಿ ಬಿಗಿದರು. ನೋಡಲು ಚೆಂದವಿಲ್ಲ, ಆದರೆ ಈಗ ಇಡೀ ಮಳೆಗಾಲ ಎಂಜಿನ್ನಿನ ಮುಂಭಾಗ ಮೊದಲಿನ ಕಾಲು ಭಾಗದಷ್ಟೂ ಕೆಸರಾಗಿಲ್ಲ.

ಹೊಸ ಕ್ಯಾಪ್ ಹಾಕುವ ಮುನ್ನ ತಂತಿಯ ತುದಿಯನ್ನು ಅರ್ಧ ಬೆರಳಿನಷ್ಟು ಕತ್ತರಿಸಿದರು. ಒಳಗಿನ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದಿದ್ದವು. ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಕಂಡಿತು. ಈ ಬಗೆಯ ಕ್ಯಾಪಿನೊಳಗೆ ಇರುವ ಸ್ಕ್ರೂ ತಂತಿಯ ನಡುವಿನ ಎಳೆಗಳಿಗೆ ಕಚ್ಚಿಕೊಳ್ಳಬೇಕು. ಕಿಲುಬು ಹಿಡಿದ ತುದಿಗೆ ಹೊಸ ಕ್ಯಾಪ್ ತಿರುಗಿಸಿ ಹಾಕಿದರೆ ಆರು ತಿಂಗಳಲ್ಲಿ ಮತ್ತೆ ಅದೇ ತೊಂದರೆ. ರಬ್ಬರಿನ ಎರಡೂ ಬಾಯಿಗಳಿಗೆ ಸಿಲಿಕೋನಿನ ಬಿಳಿ ಗ್ರೀಸನ್ನು ತೆಳುವಾಗಿ ಸವರಿದರು. ಚಕ್ರಕ್ಕೆ, ಚೈನಿಗೆ ಹಾಕುವ ಸಾಮಾನ್ಯ ಗ್ರೀಸು ಇಲ್ಲಿಗೆ ಸಲ್ಲದು. ಅದು ರಬ್ಬರನ್ನು ಹಾಳು ಮಾಡುತ್ತದೆ. ಸಿಲಿಕೋನ್ ಗ್ರೀಸು ವಿದ್ಯುತ್ತನ್ನು ಹರಿಯಗೊಡದ ವಸ್ತುವಾದ್ದರಿಂದ ಅದನ್ನು ಲೋಹದ ತುದಿಗೆ ಮೆತ್ತಬಾರದು, ನೀರು ನುಸುಳುವ ರಬ್ಬರಿನ ಅಂಚಿಗಷ್ಟೇ ಸವರಬೇಕು. ಇವೆಲ್ಲ ಆದ ಮೇಲೆ ಮತ್ತೆ ಬಾಟಲಿ ತೆಗೆದು, ಈ ಸಲ ಧಾರಾಳವಾಗಿ, ಎಂಜಿನ್ನೆಲ್ಲ ತೊಯ್ಯುವ ಹಾಗೆ ನೀರು ಹೊಡೆದು ಸೆಲ್ಫ್ ಒತ್ತಿದರು. ತಕ್ಷಣ ಹೊತ್ತಿಕೊಂಡಿತು. ಶಟರ್ ಇಳಿಸಿ ಮತ್ತೆ ನೋಡಿದೆವು. ನೀಲಿ ಎಳೆ ಎಲ್ಲಿಯೂ ಇರಲಿಲ್ಲ.

ಪೆಟ್ರೋಲಿನಲ್ಲಿ ನೀರು ಸೇರಿದೆಯೋ ಎಂಬುದನ್ನೂ ಅವರು ಬಿಡಲಿಲ್ಲ. ಕಾರ್ಬುರೇಟರಿನ ತಳದ ಬಟ್ಟಲಿನಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಇಳಿಸಿದಾಗ ತಳದಲ್ಲಿ ನಾಲ್ಕೈದು ಹನಿ ನೀರು ಪಾದರಸದ ಗುಂಡುಗಳಂತೆ ಬೇರೆಯಾಗಿ ಕಂಡವು. ಟ್ಯಾಂಕಿನ ಮುಚ್ಚಳದ ಸುತ್ತ ಬಿದ್ದ ಮಳೆನೀರು ಒಂದು ಸಣ್ಣ ಕೊಳವೆಯ ಮೂಲಕ ಕೆಳಗೆ ಹೋಗಬೇಕು. ಆ ಕೊಳವೆಯೂ ಕಟ್ಟಿತ್ತು. ನೀರು ಮುಚ್ಚಳದ ಸುತ್ತ ನಿಂತು, ಹಳೆಯ ವಾಷರಿನ ಮೂಲಕ ಸ್ವಲ್ಪ ಸ್ವಲ್ಪವೇ ಒಳಗಿಳಿದಿತ್ತು. ಈ ನಾಲ್ಕು ಹನಿ ನಿಮ್ಮ ತೊಂದರೆಗೆ ಕಾರಣವಲ್ಲ, ಆದರೆ ಬಿಟ್ಟರೆ ಮುಂದಿನ ವರ್ಷ ಇದೇ ಕಾರಣವಾಗುತ್ತದೆ ಎಂದರು. ಈ ಮಾತಿಗೆ ಈಗ ಹಿಂದೆಂದಿಗಿಂತ ಹೆಚ್ಚು ಬೆಲೆಯಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಮಾವೇಶವಾದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿತು. ಇಂದು ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ಸ್ವಲ್ಪ ನೀರಾದರೆ ಪೆಟ್ರೋಲಿನೊಡನೆ ಬೆರೆತು ಉರಿದುಹೋಗುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಎಂಜಿನ್ನಿಗೆ ಪೆಟ್ರೋಲು ಹೋಗುವುದು ತಳದಿಂದಲೇ. ರಜೆಯಲ್ಲಿ ಬೈಕನ್ನು ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಮಳೆಗೆ ನಿಲ್ಲಿಸುವವರು ಈ ಕೊಳವೆಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮುಚ್ಚಳ ತೆರೆದಾಗ ಅಂಚಿನಲ್ಲಿ ಕಾಣುವ ಸಣ್ಣ ತೂತಿಗೆ ಒಂದು ಚಮಚ ನೀರು ಹಾಕಿದರೆ ಅದು ಗಾಡಿಯ ಅಡಿಯಲ್ಲಿ ತೊಟ್ಟಿಕ್ಕಬೇಕು. ಮುಖ್ಯ ಬಾಯಿಗೆ ನೀರು ಬೀಳದಂತೆ ಬಟ್ಟೆ ಅಡ್ಡ ಹಿಡಿಯಬೇಕು.

ಏರ್ ಫಿಲ್ಟರನ್ನೂ ತೆಗೆದು ನೋಡಿದರು. ಅದು ಒಣಗಿತ್ತು, ಡಬ್ಬಿಯ ಕೆಳಗಿನ ಟ್ಯೂಬಿನಲ್ಲಿ ಸೇರಿದ್ದ ಕೊಳಕು ನೀರನ್ನು ಚೆಲ್ಲಿ ಮತ್ತೆ ಹಾಕಿದರು.

ಒಟ್ಟು ಖರ್ಚು 590 ರೂಪಾಯಿ. ಅದರಲ್ಲಿ ಕ್ಯಾಪಿಗೆ 190, ಉಳಿದದ್ದು ಕೂಲಿ. ಪ್ಲಗ್ಗು ಚೆನ್ನಾಗಿದೆಯೆಂದು ತೊಳೆದು, ಬಾಯಿಯ ಅಂತರವನ್ನು ಗೇಜಿನಿಂದ 0.7 ಮಿಲಿಮೀಟರಿಗೆ ಹೊಂದಿಸಿ ಅದನ್ನೇ ಹಾಕಿದರು. ಹಳೆಯ ಕ್ಯಾಪನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಅದೀಗ ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿದೆ. ವಿದ್ಯುತ್ ವಾಹಕ ಮತ್ತು ಅವಾಹಕದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ನನಗೆ ಇದುವರೆಗೆ ಸಿಕ್ಕಿರಲಿಲ್ಲ.

ಕೊರತೆಗಳಿಲ್ಲವೆಂದಲ್ಲ. ಬಿಲ್ಲು ಕೊಡುವುದಿಲ್ಲ, ಕೇಳಿದರೆ ಒಂದು ಚೀಟಿಯಲ್ಲಿ ಮೊತ್ತ ಬರೆದುಕೊಡುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಎಂದು ಬಿಡಿಸಿ ಬರೆಯುವುದಿಲ್ಲ. ಹಾಕಿದ ಕ್ಯಾಪು ಬೈಕಿನ ಕಂಪನಿಯದಲ್ಲ, ಬೇರೆ ತಯಾರಿಕೆಯದು. ರೆಸಿಸ್ಟರಿನ ಅಳತೆಯನ್ನು ಮೀಟರಿನಲ್ಲಿ ತೋರಿಸಿದರಾದರೂ ಹಾಕುವ ಮೊದಲೇ ಈ ವಿಷಯ ಹೇಳಬೇಕಿತ್ತು. ಮನೆಗೆ ಬಂದು ನೋಡಿದಾಗ ಏರ್ ಫಿಲ್ಟರ್ ಡಬ್ಬಿಯ ಕೆಳಗಿನ ಟ್ಯೂಬಿನ ಕ್ಲಿಪ್ಪನ್ನು ಬಿಗಿಯದೆ ಬಿಟ್ಟದ್ದು ಕಂಡಿತು. ನಾನೇ ಬಿಗಿದುಕೊಂಡೆ, ಆದರೆ ಕಾಣದೆ ಹೋಗಿದ್ದರೆ ಆ ಸಂದಿನಿಂದ ದೂಳು, ನೀರು ಒಳಗೆ ಹೋಗುತ್ತಿತ್ತು. ಇಷ್ಟು ಶ್ರದ್ಧೆಯ ಕೆಲಸದಲ್ಲಿ ಈ ಸಣ್ಣ ಮರೆವು ನನಗೆ ಬೇಸರ ತಂದಿತು, ಮರುವಾರ ಹೋದಾಗ ಹೇಳಿಯೂ ಹೇಳಿದೆ. ಅವರು ತಪ್ಪನ್ನು ಒಪ್ಪಿಕೊಂಡರು. ಮಳೆಗಾಲದಲ್ಲಿ ಗಾಡಿಗಳ ಸಾಲು ಉದ್ದ. ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯುವ ಆಸೆ ಇಟ್ಟುಕೊಳ್ಳಬಾರದು. ಕೆಲಸದ ನಡುವೆ ಫೋನು ಎತ್ತುವುದೂ ಇಲ್ಲ.

ಇನ್ನೊಂದು ಮಿತಿಯನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಅಂಥ ಗಾಡಿಯಲ್ಲೂ ಪ್ಲಗ್ ಕ್ಯಾಪು, ಬಸಿಯುವ ತೂತು, ಮಡ್‌ಗಾರ್ಡಿನ ರಬ್ಬರು, ಕಪ್ಲರುಗಳ ಕಿಲುಬು ಇವನ್ನೆಲ್ಲ ಅವರು ನೋಡಿಕೊಡುತ್ತಾರೆ. ಆದರೆ ಮೀಟರಿನಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪ ಉರಿಯುತ್ತಿದ್ದರೆ, ಅದರ ಕೋಡ್ ಓದುವ ಸ್ಕ್ಯಾನರ್ ಅವರ ಬಳಿ ಇಲ್ಲ. ಕಂಪನಿಯ ಸರ್ವೀಸಿಗೇ ಹೋಗಿ ಎನ್ನುತ್ತಾರೆ. ತನಗೆ ಆಗದ್ದನ್ನು ಆಗದು ಎನ್ನುವ ಮೆಕ್ಯಾನಿಕ್ಕಿಗೆ, ಆಗುವ ಕೆಲಸವನ್ನು ನಂಬಿ ಕೊಡಬಹುದು ಎಂದು ನನ್ನ ಅನಿಸಿಕೆ.

ಅವರು ಕೊಟ್ಟ ಬುದ್ಧಿಮಾತುಗಳಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ವಾಟರ್ ಸರ್ವೀಸಿನದು. ಕೆಸರಾಯಿತೆಂದು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಾನು ಬೈಕನ್ನು ಪಂಪಿನ ನೀರಿಗೆ ಕೊಡುತ್ತಿದ್ದೆ. ಆ ಒತ್ತಡದ ನೀರು ಮಳೆ ಎಂದೂ ತಲುಪದ ಕಪ್ಲರಿನ ಒಳಕ್ಕೂ, ಸ್ವಿಚ್ಚಿನ ಒಳಕ್ಕೂ ನುಗ್ಗುತ್ತದೆ. ಗುಳಿಯ ತೂತಿಗೆ ಮಣ್ಣನ್ನು ತುರುಕಿ ಗಟ್ಟಿ ಮಾಡುವುದೂ ಅದೇ. ಈಗ ಮನೆಯಲ್ಲಿಯೇ ಬಕೆಟ್ಟು, ಮಗ್ಗು, ಒಂದು ಹಳೆಯ ಬ್ರಷ್ಷು ಸಾಕಾಗಿದೆ. ತೊಳೆದ ಮೇಲೆ ಐದು ನಿಮಿಷ ಎಂಜಿನ್ನು ಓಡಿಸಿ ನಿಲ್ಲಿಸುತ್ತೇನೆ. ಸೈಲೆನ್ಸರ್ ಮುಳುಗುವಷ್ಟು ನೀರಿನಲ್ಲಿ ಎಂಜಿನ್ನು ನಿಂತುಹೋದರೆ ಮಾತ್ರ ಮೇಲೆ ಹೇಳಿದ ಯಾವ ಉಪಾಯವನ್ನೂ ಮಾಡಬಾರದು, ಸೆಲ್ಫನ್ನೂ ಒತ್ತಬಾರದು. ಸಿಲಿಂಡರಿನೊಳಗೆ ನೀರಿದ್ದರೆ ಪಿಸ್ಟನ್ನಿಗೆ ಅದನ್ನು ಅದುಮಲು ಆಗದೆ ಕನೆಕ್ಟಿಂಗ್ ರಾಡು ಬಾಗಬಹುದು. ಅಂಥ ಗಾಡಿಯನ್ನು ತಳ್ಳಿಕೊಂಡೇ ಹೋಗಬೇಕು.

ಈ ರಿಪೇರಿ ಆದದ್ದು ಜೂನ್ ಕೊನೆಯಲ್ಲಿ, ಆರಿದ್ರೆ ಮಳೆ ಹಿಡಿದ ಹೊಸತರಲ್ಲಿ. ಅಂದಿನಿಂದ ಪುನರ್ವಸು, ಪುಷ್ಯ, ಆಶ್ಲೇಷ ಮೂರೂ ಮಳೆಗಳಲ್ಲಿ ಬೈಕು ಅದೇ ಅಂಗಳದಲ್ಲಿ, ಅದೇ ತೆರೆದ ಜಾಗದಲ್ಲಿ ನಿಂತಿದೆ. ಪುಷ್ಯ ಮಳೆಯಲ್ಲಿ ಮೂರು ದಿನ ಬಿಡದೆ ಸುರಿದಾಗ ಒಂದು ಸಂಜೆ ಎರಡನೆಯ ಬಾರಿ ಒತ್ತಬೇಕಾಯಿತು. ಉಳಿದ ಎಲ್ಲ ದಿನ ಮೊದಲ ಒತ್ತಿಗೇ ಸ್ಟಾರ್ಟ್ ಆಗಿದೆ. ಆ ಒಂದು ಸಂಜೆಯ ವಿಷಯ ತಿಳಿಸಿದಾಗ ಅವರು ತಂತಿಯನ್ನು ಬಾಗಿಸಿ ನೋಡಿ, ಕಾಯಿಲಿನಿಂದ ಹೊರಡುವ ಬುಡದಲ್ಲಿ ಹೊದಿಕೆ ಗಡುಸಾಗುತ್ತಿರುವುದನ್ನು ತೋರಿಸಿದರು. ಈ ಮಾದರಿಯಲ್ಲಿ ತಂತಿ ಕಾಯಿಲಿಗೆ ಅಂಟಿಕೊಂಡೇ ಬರುವುದರಿಂದ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು; ಈ ಮಳೆಗಾಲಕ್ಕೆ ತೊಂದರೆಯಿಲ್ಲ, ಮುಂದಿನದಕ್ಕೆ ಮೊದಲು ಹಾಕಿಸಿ ಎಂದರು. ಬರುವ ಮೇ ತಿಂಗಳಲ್ಲಿ, ಶಾಲೆಗೆ ರಜೆ ಇರುವಾಗ ಅಲ್ಲಿಗೇ ಕೊಂಡೊಯ್ದು ಹಾಕಿಸುತ್ತೇನೆ. ಹೋಗುವವರು ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಹೋಗಿ, ಒಂದು ರಾತ್ರಿ ಗಾಡಿಯನ್ನು ಅಲ್ಲೇ ಬಿಡುವ ಸಿದ್ಧತೆ ಮಾಡಿಕೊಂಡಿರಿ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತದೆ.